ಕಾಗದದಲ್ಲಿ ನೀನಿನ್ನೂ ಇದ್ದ ದಿನಗಳು

ಅಪ್ಪಾ,

ಕಾಕಾ ನಮ್ಮ ಮನೆಗೆ ಬರುವುದನ್ನು ಬಿಟ್ಟು ವರ್ಷವಾಗುತ್ತ ಬಂತು. ನೀನಿದ್ದಿದ್ದರೆ ಮರುದಿನವೇ ಚಪ್ಪಲಿ ಮೆಟ್ಟಿಕೊಂಡು ಅಸುಂಡಿಗೆ ಹೋಗಿ, ತಮ್ಮನ ರಟ್ಟೆ ಹಿಡಿದು ಬೆಟಗೇರಿಗೆ ಕರೆತಂದು, ನಮ್ಮಿಬ್ಬರನ್ನೂ ಎದುರುಬದುರು ಕೂಡಿಸುತ್ತಿದ್ದೆ. ಆದರೆ ನಾವು ಮಾತು ಬಿಟ್ಟದ್ದು ನಿನ್ನ ಸಲುವಾಗಿಯೇ. ಅದನ್ನು ನಿನಗಲ್ಲದೆ ಇನ್ನಾರಿಗೆ ಹೇಳಲಿ? ಅವ್ವನಿಗೆ ಎಲ್ಲ ಗೊತ್ತು. ಗೊತ್ತಿದ್ದವರಿಗೆ ಹೇಳಿದರೆ ಎದೆ ಹಗುರಾಗುವುದಿಲ್ಲ.

ಆ ಬೆಳಿಗ್ಗೆ ನೀನು ಶಿರಹಟ್ಟಿಗೆ ಹೊರಟಿದ್ದೆ, ಜೊತೆಯಲ್ಲಿ ಕೆಲಸ ಮಾಡಿದ್ದ ಕಂಡಕ್ಟರರೊಬ್ಬರ ಮಗಳ ಮದುವೆಗೆ. ಇಸ್ತ್ರಿ ಮಾಡಿದ ಬಿಳಿ ಅಂಗಿ. ನಾನು ಲ್ಯಾಪ್‌ಟಾಪ್ ಮುಂದೆ ಕೂತು ವೀಸಾ ಅರ್ಜಿ ತುಂಬುತ್ತಿದ್ದೆ. ನಿನ್ನ ಹುಟ್ಟಿದ ತಾರೀಖು ಕೇಳಿದೆ. "ಸಾಲಿ ಮಾಸ್ತರು ಬರದದ್ದು ಹಾಕು. ಖರೇದು ನಮ್ಮವ್ವಗೂ ಗೊತ್ತಿರಲಿಲ್ಲ" ಅಂದೆ. ಆಮೇಲೆ ಪರದೆಯ ಮೇಲೆ ಬಗ್ಗಿ, "ಇದೇನವಾ, ಸ್ಪಾನ್ಸರ್ ಅಂದ್ರ?" ಎಂದು ಕೇಳಿದೆ. ಅಲ್ಲಿ ನನ್ನ ಖರ್ಚಿಗೆಲ್ಲ ನೀನೇ ಜವಾಬ್ದಾರ ಅಂತ ಅರ್ಥ ಎಂದು ಹೇಳಿದೆ. ನೀನು ಬಾಗಿಲ ಹತ್ತಿರ ಹೋದವನು ತಿರುಗಿ, "ಅದನ್ನ ಬರದು ಬ್ಯಾರೆ ಕೊಡಬೇಕೇನು?" ಅಂದೆ. ನಾನು ನಕ್ಕೆ. ತಲೆ ಎತ್ತಿ ನೋಡಲಿಲ್ಲ, ಇನ್ನೂ ಎಷ್ಟೋ ಖಾನೆ ತುಂಬುವುದಿತ್ತು.

ಸಂಜೆ ಶಿರಹಟ್ಟಿ ಬಸ್ಸಿನ ಕಂಡಕ್ಟರ್ ಹುಡುಗ ನಮ್ಮ ಕಟ್ಟೆಯ ಮೇಲೆ ಕೂತು ಅಳುತ್ತಿದ್ದದ್ದು ಈಗಲೂ ಕಣ್ಣ ಮುಂದಿದೆ. ಮದುವೆ ಊಟ ಮುಗಿಸಿ ನೀನು ಅವನ ಬಸ್ಸನ್ನೇ ಹತ್ತಿದ್ದೆಯಂತೆ. ಕಿಟಕಿಯ ಪಕ್ಕ ಕೂತು ಅವನ ಕೂಡ ಎರಡು ಮಾತಾಡಿ ಕಣ್ಣು ಮುಚ್ಚಿದೆಯಂತೆ. "ಶಂಕ್ರಪ್ಪಣ್ಣ ಮಲಗ್ಯಾರಂತ ಮಾಡಿದೆವ್ವಾ. ಇಷ್ಟು ವರ್ಸ ಬಸ್ ಓಡಿಸಿದೋರು, ಇವತ್ತರ ಆರಾಮ ಕುಂತು ಮಲಗಲಿ ಅಂತ ಎಬ್ಬಸಲಿಲ್ಲ" ಎಂದ. ಗದಗ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದರು, ನೀನು ಇಳಿಯಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ನಾಡಿ ಹಿಡಿದು ನೋಡಿ, ಬಹಳ ಹೊತ್ತಾಗಿದೆ ಎಂದರು. ಎಷ್ಟು ಹೊತ್ತು? ಯಾವ ಊರು ದಾಟುವಾಗ? ನೋವಾಗಿತ್ತಾ? ಯಾರನ್ನಾದರೂ ಕರೆದೆಯಾ, ಬಸ್ಸಿನ ಸಪ್ಪಳದಲ್ಲಿ ಯಾರಿಗೂ ಕೇಳದೆ...

ನಿನ್ನ ಮಣ್ಣು ಮುಗಿಸಿ ಬಂದ ಮರುದಿನ ಹುಬ್ಬಳ್ಳಿಯ ಏಜೆಂಟನ ಫೋನು ಬಂತು. ಅಮೆರಿಕದ ಕಾಲೇಜಿನ ಅರ್ಜಿಯಿಂದ ಹಿಡಿದು ವೀಸಾತನಕ ನನ್ನ ಕಾಗದಗಳನ್ನೆಲ್ಲ ನೋಡುತ್ತಿದ್ದವನು ಅವನೇ. ಹೈದರಾಬಾದಿನಲ್ಲಿ ಸಂದರ್ಶನದ ದಿನ ನಿಗದಿಯಾಗಿದೆ ಎಂದು ಹೇಳಲು ಮಾಡಿದ್ದ. ನಾನು ಸುದ್ದಿ ಹೇಳಿದೆ. ಅವನು ಕೇಳಿದ, "ಡೆತ್ ಸರ್ಟಿಫಿಕೇಟ್ ಮಾಡಿಸೀರೇನ್ರಿ ಮೇಡಂ?" ಇಲ್ಲ ಎಂದೆ. "ಈಗ ಮಾಡಸಬ್ಯಾಡ್ರಿ."

ಅವನು ಹೇಳಿದ್ದು ಇಷ್ಟು. ನಿನ್ನ ನಿವೃತ್ತಿಯ ಠೇವಣಿ ನಿನ್ನ ಹೆಸರಲ್ಲಿದೆ. ಕಾಲೇಜು ನನಗೆ ಪ್ರವೇಶದ ಕಾಗದ ಕಳಿಸಿದ್ದು ಅದನ್ನು ನೋಡಿಯೇ. ನೀನಿಲ್ಲ ಎಂದು ಈಗ ಹೇಳಿದರೆ ಠೇವಣಿ ಅವ್ವನ ಹೆಸರಿಗಾಗಿ, ಕಾಲೇಜಿನಿಂದ ಹೊಸ ಕಾಗದ ಬಂದು, ಸಂದರ್ಶನಕ್ಕೆ ಇನ್ನೊಂದು ದಿನ ಸಿಗುವಷ್ಟರಲ್ಲಿ ಅಲ್ಲಿ ಪಾಠ ಶುರುವಾಗಿರುತ್ತದೆ. ಶ್ರದ್ಧಾಂಜಲಿಯ ಬ್ಯಾನರ್ ಹಾಕಬೇಡಿ, ಪೇಪರಿಗೆ ಫೋಟೋ ಕೊಡಬೇಡಿ, ವೀಸಾ ಕೈಗೆ ಬರುವತನಕ ಸುಮ್ಮನಿರಿ. "ಮನ್ಯಾಗ ದುಃಖ ಮಾಡ್ರಿ, ಯಾರ್ ಬ್ಯಾಡ ಅಂತಾರ. ಕಾಗದದಾಗ ಬ್ಯಾಡ."

ಕಾಕಾ ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡ. ತಲೆ ಬೋಳಿಸಿಕೊಂಡಿದ್ದ, ಕಣ್ಣು ಊದಿದ್ದವು. "ಆತು, ಹಂಗ ಮಾಡೂಣು" ಅಂದ. ನಾನು ಅವ್ವನ ಮುಖ ನೋಡಿದೆ. ಅವಳು ಬೇಡ ಅನ್ನುತ್ತಾಳೆ ಎಂದು ನನ್ನ ಎಣಿಕೆಯಾಗಿತ್ತು. ಅವಳು ಗೋಡೆಗೆ ಒರಗಿ ಕೂತವಳು ನೆಲ ನೋಡುತ್ತ, "ಕಾಗದದಾಗರ ಇರಲಿ ಅವರು, ಇನ್ನೊಂದೀಟು ದಿನ" ಎಂದಳು. ಆ ಮಾತಿನ ಮೇಲೆ ನಾನೇನು ಹೇಳಬಹುದಿತ್ತು?

ಹೀಗೆ ನೀನು ಉಳಿದುಕೊಂಡೆ. ಹರ್ತಿಯ ಅತ್ತೆ ಬ್ಯಾನರ್ ಯಾಕಿಲ್ಲ ಎಂದು ಮೂರು ಸಲ ಕೇಳಿ ಮುನಿಸಿಕೊಂಡು ಹೋದಳು. ನಿನ್ನ ಡಿಪೋದವರು ಚೌಕದಲ್ಲಿ ನಿನ್ನ ಫೋಟೋ ಹಾಕುತ್ತೇವೆ ಎಂದು ಬಂದರೆ ಕಾಕಾ ಅವರಿಗೆ ಚಹಾ ಕುಡಿಸಿ, ಏನೋ ನೆವ ಹೇಳಿ ಕಳಿಸಿದ. ಊರೆಲ್ಲ ನಿನ್ನ ಪರಿಚಯದವರು, ಅಪ್ಪಾ. ಯಾವ ಬಸ್ಸು ಹತ್ತಿದರೂ ನಿನ್ನ ಹೆಸರು ಹೇಳುವವರಿದ್ದರು. ಅಂಥವನು ಒಂದು ಫೋಟೋ ಇಲ್ಲದೆ, ಒಂದು ಹಾರ ಇಲ್ಲದೆ ಹೋದೆ.

ಒಂದು ದಿನ ಮಧ್ಯಾಹ್ನ ಟಿವಿಯ ಪಕ್ಕ ಇಟ್ಟಿದ್ದ ನಿನ್ನ ಮೊಬೈಲು ಒದರಿತು. ಬ್ಯಾಂಕಿನದು. ಹಳೆಯ ಠೇವಣಿ ಪತ್ರ ನಡೆಯುವುದಿಲ್ಲ, ಹೊಸದು ಬೇಕು ಎಂದು ಏಜೆಂಟ ಹೇಳಿದ್ದರಿಂದ ನಿನ್ನ ಮೊಬೈಲಿನಿಂದಲೇ ಕಾಕಾ ಬೇಡಿಕೆ ಕಳಿಸಿದ್ದ. ಅದನ್ನು ಖಾತರಿ ಮಾಡಿಕೊಳ್ಳಲು ಅವರು ಕರೆ ಮಾಡಿದ್ದರು. ಕಾಕಾ ನನ್ನ ಮುಖ ನೋಡಿದ. ನಾನು ಏನನ್ನಾದರೂ ಹೇಳುವ ಮೊದಲೇ ಎತ್ತಿದ.

"ಶಂಕ್ರಪ್ಪನವರೇನ್ರಿ?"

"ಹೌದ್ರಿ. ಶಂಕ್ರಪ್ಪನ ಮಾತಾಡಾಕತ್ತೀನಿ."

"ಮಗಳ ಸಲುವಾಗಿ ಪತ್ರ ಕೇಳೀರಲ್ರಿ?"

"ಹೌದ್ರಿ. ನನ್ನ ಮಗಳು. ಪರದೇಶಕ್ಕ ಓದಾಕ ಹೊಂಟಾಳ್ರಿ."

ಆ ಕಡೆಯ ಹುಡುಗಿ ಒಳ್ಳೆಯವಳು. ನೀನು ಬ್ಯಾಂಕಿಗೆ ಹೋದಾಗೆಲ್ಲ ಮಾತಾಡಿಸುತ್ತಿದ್ದಳೋ ಏನೋ. "ಭಾಳ ದಿನ ಆತ್ರಿ ಈ ಕಡೆ ಬರಲಿಲ್ಲ. ಆರಾಮ ಅದೀರಲ್ರಿ?" ಎಂದಳು.

"ಆರಾಮ ಅದೀನ್ರಿ."

ನಿಮ್ಮಿಬ್ಬರ ದನಿ ಇಷ್ಟೊಂದು ಒಂದೇ ಎಂದು ನನಗೆ ಅಲ್ಲಿಯತನಕ ಗೊತ್ತಿರಲಿಲ್ಲ. ನೀವು ಇಬ್ಬರೂ ಎದುರಿಗಿದ್ದಾಗ ಬೇರೆ ಬೇರೆ ಕೇಳುತ್ತಿತ್ತು. ಹಿತ್ತಲಲ್ಲಿ ಅರಿವೆ ಒಗೆಯುತ್ತಿದ್ದ ಅವ್ವ ಒದ್ದೆ ಕೈಯಲ್ಲೇ ಓಡಿಬಂದು ನಡುಮನೆಯ ಬಾಗಿಲಲ್ಲಿ ನಿಂತಳು. ಒಂದು ಗಳಿಗೆ ಅವಳ ಮುಖದಲ್ಲಿ... ಬೇಡ ಅಪ್ಪಾ, ಅದನ್ನು ನಾನು ಬರೆಯಲಾರೆ. ಆಮೇಲೆ ಅವಳು ಕಾಕಾನನ್ನು ಕಂಡಳು, ಅವನ ಕೈಯಲ್ಲಿದ್ದ ಮೊಬೈಲನ್ನು ಕಂಡಳು. ತಿರುಗಿ ಹೋದಳು. ಕಾಕಾ ಹಿತ್ತಲಿಗೆ ಹೋಗಿ ಮುಖ ತೊಳೆದ. ತೊಳೆಯುತ್ತಲೇ ಇದ್ದ.

ನಿನ್ನ ದಿನದ ಕಾರ್ಯ ಮುಗಿದ ಮೇಲೆ ಏಜೆಂಟ ನನ್ನನ್ನು ಹುಬ್ಬಳ್ಳಿಗೆ ಕರೆಸಿದ. ಸಂದರ್ಶನದ ತಾಲೀಮು. ಅವನು ಸಾಹೇಬನಾಗಿ ಮೇಜಿನ ಆ ಕಡೆ, ನಾನು ಈ ಕಡೆ. ನಿಮ್ಮ ತಂದೆ ಏನು ಮಾಡುತ್ತಾರೆ ಎಂದು ಇಂಗ್ಲಿಷಿನಲ್ಲಿ ಕೇಳಿದ. ಡ್ರೈವರ್ ಆಗಿದ್ದರು ಎಂದೆ. "ಇದ್ದರು ಅನಬ್ಯಾಡ್ರಿ ಮೇಡಂ. ನಿವೃತ್ತ ಡ್ರೈವರ್ ಇದ್ದಾರ ಅನ್ರಿ." ಮತ್ತೆ ಕೇಳಿದ. ಮತ್ತೆ ನನ್ನ ಬಾಯಿಂದ ಇದ್ದರು ಎಂದೇ ಬಂತು. ಅವನಿಗೆ ಸಿಟ್ಟು ಬರಲಿಲ್ಲ. ಎದ್ದು ನೀರು ತಂದುಕೊಟ್ಟು, ತಗ್ಗಿದ ದನಿಯಲ್ಲಿ, "ನಮ್ಮಪ್ಪನೂ ಇಲ್ರಿ. ರೂಢಿ ಆಗ್ತೈತಿ" ಎಂದ. ಯಾವುದು ರೂಢಿಯಾಗುತ್ತದೆ ಎಂದು ನಾನು ಕೇಳಲಿಲ್ಲ. ಸಂಜೆಯ ಹೊತ್ತಿಗೆ ನಾನು ತಪ್ಪಿಲ್ಲದೆ ಇದ್ದಾರೆ ಅನ್ನುವುದನ್ನು ಕಲಿತಿದ್ದೆ.

ಹೈದರಾಬಾದಿಗೆ ಕಾಕಾ ನನ್ನ ಜೊತೆ ಬಂದ. ರೈಲಿನಲ್ಲಿ ಅವನು ನನಗಾಗಿ ಕಿಟಕಿಯ ಸೀಟು ಹಿಡಿದ, ನನ್ನ ಫೈಲನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ವೀಸಾ ಕೊಡುವ ಅಮೆರಿಕದ ಕಾನ್ಸುಲೇಟಿನ ಗೇಟಿನಲ್ಲಿ ಅವನನ್ನು ಒಳಗೆ ಬಿಡಲಿಲ್ಲ. "ಹೆದರಬ್ಯಾಡ. ಅಣ್ಣನ ನೆನಸಿಕೊಂಡು ಹೋಗು" ಎಂದ. ಕಾಕಾ ಆ ಮಾತು ಅನ್ನಬಾರದಿತ್ತು, ಅಪ್ಪಾ.

ಗಾಜಿನ ಆ ಕಡೆ ನನಗಿಂತ ಸ್ವಲ್ಪ ದೊಡ್ಡವಳಾದ ಒಬ್ಬ ಹೆಣ್ಣುಮಗಳಿದ್ದಳು. ಯಾವ ಕೋರ್ಸು ಎಂದು ಕೇಳಿದಳು. ಫಿಸಿಯೋಥೆರಪಿ, ನಡೆಯಲಾಗದ ಮಕ್ಕಳ ಚಿಕಿತ್ಸೆ ಎಂದು ಹೇಳಿದೆ. ಅದಕ್ಕೆ ಯಾಕೆ ಅಷ್ಟು ದೂರ ಎಂದಳು. ನಮ್ಮ ಗದಗಿನ ಆಸ್ಪತ್ರೆಗೆ ಮುಂಡರಗಿ, ಲಕ್ಷ್ಮೇಶ್ವರದ ಕಡೆಯಿಂದ ತಾಯಂದಿರು ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಬರುವುದನ್ನು, ನನಗೆ ಗೊತ್ತಿದ್ದಷ್ಟು ಮಾಡಿ ಕಳಿಸುವುದನ್ನು ಹೇಳಿದೆ. ಅವಳು ಅದನ್ನು ನಿಜವಾಗಿ ಕೇಳಿಸಿಕೊಂಡಳು. ಖರ್ಚು ಯಾರು ನೋಡುತ್ತಾರೆ? ನನ್ನ ತಂದೆ. ಏನು ಕೆಲಸ? ನಿವೃತ್ತ ಬಸ್ ಡ್ರೈವರ್ ಇದ್ದಾರೆ. ಒಂದೂ ತಪ್ಪಲಿಲ್ಲ. ಅವಳ ಕೈ ಕೀಬೋರ್ಡಿನ ಮೇಲೆ ಓಡುತ್ತಿತ್ತು. ಇನ್ನೇನು ಮುಗಿಯಿತು ಎನ್ನುವಾಗ ಅವಳು ಪರದೆಯಿಂದ ಕಣ್ಣೆತ್ತಿ, ತನ್ನ ತಂದೆಯೂ ಹೋದ ವರ್ಷ ನಿವೃತ್ತರಾದರು, ಮನೆಯಲ್ಲಿ ಸುಮ್ಮನೆ ಕೂಡುವುದೇ ಇಲ್ಲ ಎಂದು ನಕ್ಕಳು. "ನಿಮ್ಮ ತಂದೆ ಈಗ ದಿನವೆಲ್ಲ ಏನು ಮಾಡುತ್ತಾರೆ?"

ಅದು ಪರೀಕ್ಷೆಯ ಪ್ರಶ್ನೆಯಲ್ಲ, ಅಪ್ಪಾ. ಇಬ್ಬರು ಹೆಣ್ಣುಮಕ್ಕಳು ತಮ್ಮ ತಮ್ಮ ಅಪ್ಪಂದಿರ ಬಗ್ಗೆ ಆಡುವ ಮಾತು. ಏಜೆಂಟ ಅದಕ್ಕೊಂದು ಉತ್ತರ ಕಲಿಸಿರಲಿಲ್ಲ. ನೀನು ದಿನವೆಲ್ಲ ಏನು ಮಾಡುತ್ತಿದ್ದೀ ಎಂದು ನಾನು ಹೇಳಲಿ? ಗಿಡಕ್ಕೆ ನೀರು ಹಾಕುತ್ತಾರೆ ಎನ್ನಲೇ? ಬಾಯಿ ತೆರೆದೆ. ನೀನು ಬಸ್ಸಿನಲ್ಲಿ ಕಿಟಕಿಗೆ ತಲೆ ಕೊಟ್ಟು ಕೂತದ್ದು ಬಿಟ್ಟರೆ ನನ್ನ ಕಣ್ಣಿಗೆ ಬೇರೇನೂ ಬರಲಿಲ್ಲ. ಅವರು ಹೋದ ತಿಂಗಳು ತೀರಿಕೊಂಡರು ಎಂದೆ.

ಅವಳ ಕೈ ನಿಂತಿತು. ಕ್ಷಮಿಸಿ ಎಂದಳು. ಹಾಗಿದ್ದರೆ ಈ ಕಾಗದಗಳ ಮೇಲೆ ತಾನು ವೀಸಾ ಕೊಡಲು ಬರುವುದಿಲ್ಲ, ಎಲ್ಲ ಸರಿಪಡಿಸಿಕೊಂಡು ಮತ್ತೆ ಅರ್ಜಿ ಹಾಕಬಹುದು ಎಂದು ನಿಧಾನವಾಗಿ ಹೇಳಿ ಒಂದು ಚೀಟಿ ಮತ್ತು ಪಾಸ್‌ಪೋರ್ಟು ಈಚೆ ಸರಿಸಿದಳು. ವೀಸಾ ಕೊಡದೆ ಹೋದದ್ದರಲ್ಲಿ ಅವಳ ತಪ್ಪೇನೂ ಇಲ್ಲ.

ಕಾಕಾ ರಸ್ತೆಯ ಆ ಕಡೆ ನಿಂತಿದ್ದ. ನನ್ನ ಕೈಯಲ್ಲಿ ಪಾಸ್‌ಪೋರ್ಟು ಕಂಡೊಡನೆ ಅವನ ಮುಖ ಇಳಿಯಿತು. ವೀಸಾ ಕೊಟ್ಟರೆ ಅದನ್ನು ಒಳಗೇ ಇಟ್ಟುಕೊಳ್ಳುತ್ತಾರೆ ಎಂದು ಅವನು ಅಲ್ಲಿದ್ದವರಿಂದ ಕೇಳಿ ತಿಳಿದಿದ್ದ. "ಏನಾತು?"

"ಹೇಳಿಬಿಟ್ಟೆ ಕಾಕಾ."

"ಅವರಿಗೆ ಗೊತ್ತಾಗಿತ್ತೇನು?"

"ಇಲ್ಲ. ನಾನ ಹೇಳಿದೆ."

ಅವನು ನನ್ನನ್ನೇ ನೋಡಿದ. ಬೈಯುತ್ತಾನೆ ಎಂದುಕೊಂಡೆ. ಬೈಯಲಿಲ್ಲ. "ಸತ್ತ ಅಣ್ಣನ ಹೆಸರಲೆ ಮಾತಾಡಿದೆ ನಾ. ಆರಾಮ ಅದೀನಿ ಅಂದೆ. ಇದ ಬಾಯಿಲೆ. ಯಾತಕ್ಕ ಅಂದೆ ರೇಣು? ಅಣ್ಣನ ಆಸೆ ಒಂದು ಉಳೀಲಿ ಅಂತ ಅಂದೆ. ನೀ ಅದನ್ನ ಅಲ್ಲಿ ಗಾಜಿನ ಮುಂದ ಚೆಲ್ಲಿ ಬಂದಿ." ಅದಾದ ಮೇಲೆ ಗದಗಿನತನಕ ಅವನು ಮಾತಾಡಲಿಲ್ಲ. ಸ್ಟೇಷನ್ನಿನಲ್ಲಿ ನನ್ನನ್ನು ಬೆಟಗೇರಿಯ ಆಟೋಕ್ಕೆ ಹತ್ತಿಸಿ, ತಾನು ಅಸುಂಡಿಯ ಹಾದಿ ಹಿಡಿದ.

ನಿನ್ನ ಸಾವನ್ನು ಬರೆಸಲು ನಾನೇ ನಗರಸಭೆ ಕಚೇರಿಗೆ ಹೋದೆ. ತಡವಾಗಿದ್ದಕ್ಕೆ ಅರ್ಜಿ ಬೇರೆ. ಗುಮಾಸ್ತರು ವಯಸ್ಸಾದವರು. "ಯಾಕ ತಡ ಆತವಾ?" ಎಂದರು. ಒಂದು ಕೆಲಸ ಇತ್ತು ಎಂದೆ. "ಎಲ್ಲಿ ತೀರಿಕೊಂಡ್ರು?" ಬಸ್ಸಿನಲ್ಲಿ ಎಂದೆ. "ಬಸ್ಸಿನ್ಯಾಗ ಅಂತ ಬರ್ಯಾಕ ಬರಂಗಿಲ್ಲ. ಊರು ಹೇಳು." ನಾನು ಯಾವ ಊರು ಹೇಳಲಿ? ಶಿರಹಟ್ಟಿಯಲ್ಲಿ ನೀನು ಹೋಳಿಗೆ ತಿಂದು ನಕ್ಕವನು. ಗದಗದಲ್ಲಿ ಇಳಿಯದವನು. ನಡುವಿನ ಹಾದಿಯಲ್ಲಿ ಎಲ್ಲಿಯೋ ಹೋದೆ. ಕೊನೆಗೆ ಅವರೇ, ಡಾಕ್ಟರು ನೋಡಿದ ಊರನ್ನು ಬರೆಯುತ್ತೇವೆ ಎಂದು ಗದಗ ಎಂದು ಬರೆದರು. ಓದಿ ನೋಡಿ ಸಹಿ ಮಾಡು ಎಂದರು. ಓದಿದೆ. ನಾನು ಗಟ್ಟಿಯಾಗಿ ಅತ್ತದ್ದು ಅಲ್ಲಿ, ಆಧಾರ್ ಕಾರ್ಡಿನ ತಿದ್ದುಪಡಿಗೆ ಬಂದವರ ಪಾಳಿಯಲ್ಲಿ.

ಕಾಲೇಜಿನವರು ನನ್ನ ಸೀಟನ್ನು ಒಂದು ವರ್ಷ ಮುಂದೆ ಹಾಕಿಕೊಟ್ಟರು. ಠೇವಣಿ ಅವ್ವನ ಹೆಸರಿಗಾಯಿತು. ಇನ್ನು ಅವಳು ಸ್ಪಾನ್ಸರ್ ಪತ್ರಕ್ಕೆ ಸಹಿ ಹಾಕಿದರೆ ಆಯಿತು ಎಂದು ಪತ್ರ ಮುಂದೆ ಇಟ್ಟೆ. "ನಾ ಹಾಕಂಗಿಲ್ಲ" ಎಂದಳು. ಯಾಕೆಂದು ಕೇಳಿದರೆ ಎದ್ದು ಹೋದಳು. ನಿನ್ನ ಹೆಸರು ಅಲ್ಲಿ ಹಾಕಿದ ದಿನವೇ ನೀನು ಹೋದೆ, ಅದಕ್ಕೆ ಹೆದರಿದ್ದಾಳೆ ಎಂದು ನಾನು ತಿಳಿದೆ. ಮತ್ತೆ ಕೇಳಲಿಲ್ಲ. ಆಸ್ಪತ್ರೆಗೆ ಹೋಗುವುದು, ಬರುವುದು. ಮಳೆಗಾಲ ಕಳೆಯಿತು, ದೀಪಾವಳಿಯೂ ಕಳೆಯಿತು. ಪತ್ರ ಟಿವಿಯ ಕೆಳಗೆ ಬಿದ್ದಿತ್ತು.

ಒಂದು ಭಾನುವಾರ ರೊಟ್ಟಿ ಬಡಿಯುತ್ತ ಕೂತವಳು ತಾನಾಗಿಯೇ ಮಾತು ತೆಗೆದಳು. "ಸಾಯಾಕ ಹೆದರಿ ಒಲ್ಲೆ ಅಂದೆ ಅಂತ ಅನಕೊಂಡಿ ಏನು? ಅಲ್ಲ. ನೀ ಅಲ್ಲಿ ಇರುವಾಗ ನನಗೇನರ ಆದ್ರ, ನಿನ್ನ ಓದು ಕೆಡ್ತೈತಿ ಅಂತ ನನ್ನೂ ಹಿಂಗ ಮುಚ್ಚಿಡ್ತಾರ. ಅದಕ್ಕ." ರೊಟ್ಟಿ ಹಂಚಿನ ಮೇಲೆ ಸೀಯುತ್ತಿತ್ತು, ಅವಳು ತಿರುವಲಿಲ್ಲ. "ಅವರನ್ನ ಇನ್ನೊಂದೀಟು ದಿನ ಇರಲಿ ಅಂದಾಕಿ ನಾನ. ಆ ಫೋನ್ ಬಂದ ದಿವಸ ಗೊತ್ತಾತು, ಹಂಗ ಇಟಗೊಂಡ್ರ ಅವರು ಹೋಗೂದು ಇಲ್ಲ, ಬರೂದು ಇಲ್ಲ. ನಾ ಸತ್ರ ಅವತ್ತ ಹೇಳಬೇಕು, ಎಲ್ಲಾರಿಗೂ. ಮಾತು ಕೊಡು, ಸಹಿ ಹಾಕ್ತೀನಿ." ಕೊಟ್ಟೆ. ತಾಯಿಯ ಸಾವಿನ ಬಗ್ಗೆ ಮಾತು ಕೊಟ್ಟು ವೀಸಾದ ಕಾಗದಕ್ಕೆ ಸಹಿ ಹಾಕಿಸಿಕೊಂಡವಳು ನಾನು. ಹೀಗೂ ಓದಲು ಹೋಗುತ್ತಾರಾ, ಅಪ್ಪಾ?

ಎರಡನೇ ಸಲ ಹೈದರಾಬಾದಿಗೆ ಅವ್ವನೇ ಬಂದಳು. ಈ ಸಲ ಗಾಜಿನ ಹಿಂದೆ ಒಬ್ಬ ಗಂಡಸು. ಹಳೆಯದೆಲ್ಲ ಅವನ ಪರದೆಯ ಮೇಲಿತ್ತು. ಹೋದ ಸಲ ನಿಮ್ಮ ತಂದೆ ತೀರಿಕೊಂಡಿದ್ದರು ಅಲ್ಲವೇ ಎಂದ. ಹೌದು ಎಂದೆ. ಈಗ ತಾಯಿಯೇ? ಹೌದು. ಓದು ಮುಗಿದ ಮೇಲೆ ಏನು ಮಾಡುತ್ತೀರಿ ಎಂದು ಕೇಳಿದ, ಹೇಳಿದೆ. ಪಾಸ್‌ಪೋರ್ಟನ್ನು ತನ್ನ ಕಡೆ ಇಟ್ಟುಕೊಂಡ. ಬರಿಗೈಯಲ್ಲಿ ಹೊರಗೆ ಬಂದೆ. ಅವ್ವ ಮರದ ಕೆಳಗೆ ಬೇರೆಯವರ ತಾಯಂದಿರ ನಡುವೆ ಕೂತಿದ್ದಳು. ವೀಸಾ ಸಿಕ್ಕಿತೇ ಎಂದು ಕೇಳಲಿಲ್ಲ. "ಅವರ ಬಗ್ಗೆ ಕೇಳಿದ್ರೇನು?"

"ಕೇಳಿದ್ರು."

"ಏನಂದಿ?"

"ತೀರಿಕೊಂಡಾರ ಅಂದೆ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ನಡಿ, ಏನರ ತಿನ್ನೂಣು."

ನಿನ್ನೆ ಅಸುಂಡಿಗೆ ಹೋದೆ. ಕಾಕು, ಗಂಡನ ಕೋಣೆಯತ್ತ ಕೈ ತೋರಿಸಿ, ಚಹಾ ಕೊಟ್ಟಳು. ಕಾಕಾ ಒಳಗೆ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. ಬಹಳ ಇಳಿದಿದ್ದಾನೆ. ನಾನು ನೆಲದ ಮೇಲೆ ಕೂತೆ. ವೀಸಾ ಬಂತು ಎಂದೆ. ಸುದ್ದಿ ತಿಳಿದಿದೆ ಎನ್ನುವಂತೆ ತಲೆ ಆಡಿಸಿದ. ನನ್ನ ಕಡೆ ತಿರುಗಿ, "ನಾ ಮಾಡಿದ್ದು ತಪ್ಪೇನು ರೇಣು?" ಎಂದ. ನನ್ನ ಹೆಸರನ್ನು ಅವನ ಬಾಯಲ್ಲಿ ಕೇಳಿ ಎಷ್ಟು ದಿನವಾಗಿತ್ತು. ಅದೂ ಆ ದನಿಯಲ್ಲಿ.

"ತಪ್ಪಂತ ನನಗ ಅನಸಂಗಿಲ್ಲ ಕಾಕಾ. ಆದ್ರ ನಾ ಮಾಡಿದ್ದೂ ತಪ್ಪಲ್ಲ."

"ಎರಡೂ ಹೆಂಗ ಖರೆ ಆಗ್ತಾವ?"

ನಿನಗೆ ಗೊತ್ತಿತ್ತೇ? ನೀನಿದ್ದಿದ್ದರೆ ಇಬ್ಬರಲ್ಲಿ ಯಾರಿಗೆ ಬೈಯುತ್ತಿದ್ದೆ? ಚಹಾ ಆರಿತು. ಕಾಕಾ ಕ್ಷಮಿಸಿದೆ ಅನ್ನಲಿಲ್ಲ, ನಾನೂ ಕೇಳಲಿಲ್ಲ.

ಮುಂದಿನ ವಾರ ಹೊರಡುತ್ತೇನೆ, ಅಪ್ಪಾ. ಅವ್ವ ಲಕ್ಷ್ಮೇಶ್ವರದಲ್ಲಿ ತನ್ನ ಅಕ್ಕನ ಮನೆಯಲ್ಲಿ ಇರುತ್ತಾಳೆ. ಇಬ್ಬರೂ ಸೇರಿ ಅಲ್ಲಿ ಹಪ್ಪಳ, ಶಾವಿಗೆ ಮಾಡಿ ಮಾರುವ ಮಾತಾಡುತ್ತಿದ್ದಾರೆ. ಬೆಟಗೇರಿಯ ಮನೆಗೆ ಬೀಗ. ನಿನ್ನೆ ಅಸುಂಡಿಯಿಂದ ಎದ್ದು ಹೊರಡುವಾಗ ಮನೆಯ ಕೀಲಿಕೈ ತೆಗೆದು ಕಾಕಾನ ಮುಂದೆ ಹಿಡಿದೆ. ತಿಂಗಳಿಗೊಮ್ಮೆ ಬಾಗಿಲು ತೆರೆದು ಗಾಳಿ ಆಡಿಸುವವರು ಯಾರಾದರೂ ಬೇಕು ಎಂದೆ. ಅವನು ಅದನ್ನೇ ನೋಡಿದ. ನನ್ನ ಕೈ ನೋಯುವತನಕ ನೋಡಿದ.

ಆಮೇಲೆ ತೆಗೆದುಕೊಂಡ.

ನಿನ್ನ
ರೇಣು